ಬೀಳು ಬಿಟ್ಟ ಹೊಲ, ಬಿಟ್ಟುಹೋದ ಒಕ್ಕಲು: ಬೈಬಲ್ಲಿನ ಪರಿಸರ ಓದಿನ ಬಗ್ಗೆ ಒಂದು ತಕರಾರು

ಬೈಬಲ್ಲನ್ನು ಪರಿಸರದ ಕಣ್ಣಿನಿಂದ ಓದುವ ಬರಹಗಳು ಈಗ ಒಂದು ಕಪಾಟು ತುಂಬುವಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಐದೇ ಪುಟಗಳ ಒಂದು ಲೇಖನಕ್ಕೆ ಉತ್ತರ ಹೇಳಲು ಹುಟ್ಟಿದವು. 1967ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರ ಪರಿಸರ ಬಿಕ್ಕಟ್ಟಿನ ಬೇರುಗಳ ಬಗ್ಗೆ ಬರೆದ. ಮಧ್ಯಯುಗದ ಯುರೋಪಿನ ನೇಗಿಲು, ಗಿರಣಿಗಳ ಇತಿಹಾಸ ಅವನ ಕ್ಷೇತ್ರ. ಪಶ್ಚಿಮದ ಕ್ರೈಸ್ತಧರ್ಮ ಮನುಷ್ಯನನ್ನು ನಿಸರ್ಗದಿಂದ ಬೇರ್ಪಡಿಸಿ ಮೇಲೆ ಕೂರಿಸಿತು, ಇಂದಿನ ಯಂತ್ರನಾಗರಿಕತೆಯ ದರ್ಪ ಅಲ್ಲಿಂದ ಬಂತು ಎಂಬುದು ಅವನ ವಾದ. ಅದೇ ಲೇಖನದ ಕೊನೆಗೆ ಅವನು ಅಸಿಸಿಯ ಫ್ರಾನ್ಸಿಸ್‌ನನ್ನು ಪರಿಸರವಾದಿಗಳ ಪೋಷಕ ಸಂತನನ್ನಾಗಿ ಮಾಡಿಕೊಳ್ಳಿ ಎಂದೂ ಸೂಚಿಸಿದ. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನು ಅಧಿಕೃತವಾಗಿಯೇ ಘೋಷಿಸಿದರು. ಆರೋಪ ಮಾಡಿದವನ ಸಲಹೆಯನ್ನೇ ಆರೋಪಿ ಒಪ್ಪಿಕೊಂಡ ಪ್ರಸಂಗ ಇದು.

ಆ ಚರ್ಚೆಯ ಒಂದು ಕೊರತೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನಾನು ಕ್ರೈಸ್ತನಲ್ಲ. ಬೈಬಲ್ಲನ್ನು ಕನ್ನಡದಲ್ಲಿ, ಒಂದು ದೊಡ್ಡ ಪುರಾಣಕೃತಿಯನ್ನು ಓದುವ ಹಾಗೆ ಓದಿಕೊಂಡವನು. ಚರ್ಚೆ ಐವತ್ತಕ್ಕೂ ಹೆಚ್ಚು ವರ್ಷ ‘ಮನುಷ್ಯ’ ಮತ್ತು ‘ನಿಸರ್ಗ’ ಎಂಬ ಎರಡೇ ಪಾತ್ರಗಳ ನಡುವೆ ನಡೆಯಿತು. ಯಾವ ಮನುಷ್ಯ ಎಂಬ ಪ್ರಶ್ನೆ ಬದಿಗೆ ಸರಿಯಿತು. ಆದರೆ ಬೈಬಲ್ ನೆಲದ ಸುದ್ದಿ ಎತ್ತಿದಾಗಲೆಲ್ಲ ಆ ನೆಲದ ಮೇಲೆ ದುಡಿಯುವವರೂ ಅದರಿಂದ ಹೊರಬಿದ್ದವರೂ ಪುಟದ ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತಾರೆ. ಅವರನ್ನು ಬಿಟ್ಟು ಹಸಿರನ್ನು ಮಾತ್ರ ಆರಿಸಿಕೊಂಡರೆ ಓದು ಅರ್ಧವಾಗುತ್ತದೆ.

ಮೊದಲು ಎಲ್ಲರೂ ಜಗಳವಾಡುವ ವಚನವನ್ನೇ ನೋಡೋಣ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯರಿಗೆ ಹೇಳುವ ಮಾತಿನಲ್ಲಿ ಎರಡು ಹೀಬ್ರೂ ಕ್ರಿಯಾಪದಗಳಿವೆ: ‘ಕಾಬಶ್’ ಮತ್ತು ‘ರಾದಾ’. ಕನ್ನಡದ ಹಳೆಯ ಅನುವಾದ ಮೊದಲನೆಯದಕ್ಕೆ ವಶಮಾಡಿಕೊಳ್ಳುವುದು ಎಂದೂ ಎರಡನೆಯದಕ್ಕೆ ದೊರೆತನ ಎಂದೂ ಬರೆಯುತ್ತದೆ. ಎರಡೂ ಪ್ರಾಮಾಣಿಕ ಅನುವಾದಗಳೇ. ಕಾಬಶ್ ಮೃದುವಾದ ಪದವಲ್ಲ. ಯೆಹೋಶುವನ ಪುಸ್ತಕದಲ್ಲಿ ಅದು ಗೆದ್ದ ನಾಡಿಗೆ ಬಳಕೆಯಾಗುತ್ತದೆ. ಯೆರೆಮೀಯನಲ್ಲಿ, ಬಿಡುಗಡೆ ಮಾಡಿದ ದಾಸರನ್ನು ಮತ್ತೆ ಹಿಡಿದು ದಾಸರನ್ನಾಗಿಸಿದ್ದಕ್ಕೆ. ನೆಹೆಮೀಯನ ಐದನೇ ಅಧ್ಯಾಯದಲ್ಲಿ ಸಾಲಕ್ಕೆ ಹೊಲ ಅಡವಿಟ್ಟ ರೈತರು ಬಂದು ಗೋಳಾಡುತ್ತಾರೆ: ಹೊಲಗಳು ಬೇರೆಯವರ ಪಾಲಾಗಿವೆ, ಮಕ್ಕಳನ್ನು ದಾಸ್ಯಕ್ಕೆ ತಳ್ಳಬೇಕಾಗಿದೆ. ಅಲ್ಲಿ ಆ ತಳ್ಳುವಿಕೆಗೂ ಇದೇ ಪದ. ಇದನ್ನು ‘ಪ್ರೀತಿಯಿಂದ ನೋಡಿಕೊಳ್ಳುವುದು’ ಎಂದು ಅರ್ಥೈಸುವ ಭಕ್ತ ಪರಿಸರವಾದಿಗಳು ನಿಘಂಟಿಗೆ ಅನ್ಯಾಯ ಮಾಡುತ್ತಾರೆ.

ಹಾಗೆಂದು ವೈಟ್ ಗೆದ್ದ ಎನ್ನುವಂತಿಲ್ಲ. ಈ ವಚನವನ್ನು ಹಿಂದಿನವರು ಹೇಗೆ ಓದುತ್ತಿದ್ದರು ಎಂದು ಜೆರೆಮಿ ಕೋಹೆನ್ 1989ರಲ್ಲಿ ಒಂದು ಇಡೀ ಪುಸ್ತಕ ಬರೆದು ಪರಿಶೀಲಿಸಿದರು. ಪ್ರಾಚೀನ ಮತ್ತು ಮಧ್ಯಯುಗದ ಯಹೂದಿ, ಕ್ರೈಸ್ತ ವ್ಯಾಖ್ಯಾನಕಾರರ ಆಸಕ್ತಿ ಸಂತಾನ, ಮದುವೆ, ದೇವರ ಒಡಂಬಡಿಕೆಗಳ ಕಡೆಗಿತ್ತು. ಕಾಡು ಕಡಿಯಲು ಪರವಾನಗಿ ಎಂದು ಇದನ್ನು ಓದಿದವರು ವಿರಳ. ಆ ಓದು ಬಲವಾದದ್ದು ಹೊಸ ಕಾಲದಲ್ಲಿ. ಹದಿನೇಳನೇ ಶತಮಾನದ ಕೊನೆಗೆ ಜಾನ್ ಲಾಕ್ ಆಸ್ತಿಯ ಹಕ್ಕನ್ನು ಸಮರ್ಥಿಸುವಾಗ ಇದೇ ಆಜ್ಞೆಯನ್ನು ಎತ್ತಿಕೊಂಡ. ದುಡಿಮೆ ಬೆರೆತ ನೆಲ ದುಡಿದವನದು, ಉತ್ತು ಬೇಲಿ ಹಾಕದ ನೆಲ ಪಾಳು ಎಂಬುದು ಅವನ ಲೆಕ್ಕ. ಅಮೆರಿಕದ ಮೂಲನಿವಾಸಿಗಳ ಬೇಟೆಯ ಕಾಡು ಈ ಲೆಕ್ಕದಲ್ಲಿ ಪಾಳಾಗಿ ಕಂಡಿತು. ಅಂದರೆ ‘ವಶಮಾಡಿಕೊಳ್ಳುವುದು’ ನಿಸರ್ಗದ ಮೇಲೆ ಬೀಳುವ ಮೊದಲು, ಅಥವಾ ಜೊತೆಜೊತೆಗೇ, ಇನ್ನೊಬ್ಬ ಮನುಷ್ಯನ ನೆಲದ ಮೇಲೆ ಬಿತ್ತು. ವೈಟ್‌ನ ಲೇಖನದಲ್ಲಿ ಈ ಇನ್ನೊಬ್ಬ ಇಲ್ಲ.

ಆದಿಕಾಂಡದ ಎರಡನೇ ಅಧ್ಯಾಯಕ್ಕೆ ಬಂದರೆ ದೃಶ್ಯ ಬದಲಾಗುತ್ತದೆ. ಅಲ್ಲಿ ಮನುಷ್ಯ ‘ಆದಾಮ್’, ನೆಲ ‘ಆದಾಮಾ’. ಮಣ್ಣಿನಿಂದಾದವನ ಹೆಸರಿನಲ್ಲೇ ಮಣ್ಣಿದೆ. ಈ ಶ್ಲೇಷೆ ಕನ್ನಡಕ್ಕೆ ಬಂದಿಲ್ಲ, ಬರುವಂತೆಯೂ ಇಲ್ಲ. ಅವನನ್ನು ತೋಟದಲ್ಲಿಟ್ಟದ್ದು ‘ಆಬದ್’ ಮತ್ತು ‘ಶಾಮರ್’ ಎಂಬ ಎರಡು ಕೆಲಸಕ್ಕೆ. ಆಬದ್ ಎಂದರೆ ದುಡಿ, ಸೇವೆಮಾಡು. ದೇವರ ಆರಾಧನೆಗೂ ಅದೇ ಪದ. ಕನ್ನಡದ ‘ವ್ಯವಸಾಯ’ದಲ್ಲಿ ಆ ಸೇವೆಯ ಅರ್ಥ ಸೋರಿಹೋಗಿದೆ. ಶಾಮರ್‌ಗೆ ಮಾತ್ರ ನಮ್ಮ ಅನುವಾದಕರು ‘ಕಾಯು’ ಎಂದು ಬರೆದರು, ಇಲ್ಲಿ ಕನ್ನಡ ಮೂಲಕ್ಕಿಂತ ಒಂದು ಹೆಜ್ಜೆ ಮುಂದಿದೆ ಅನಿಸುತ್ತದೆ. ದನ ಕಾಯುವುದು, ಹೊಲ ಕಾಯುವುದು, ಮಳೆಗಾಗಿ ಕಾಯುವುದು ಎಲ್ಲವೂ ನಮಗೆ ಒಂದೇ ಕ್ರಿಯೆ. ಮುಂದೆ ಎರಡೇ ಅಧ್ಯಾಯ ದಾಟಿದರೆ ಕಾಯಿನ ತಮ್ಮನನ್ನು ಕೊಂದು, ಅವನನ್ನು ಕಾಯುವ ಕೆಲಸ ನನ್ನದೇ ಎಂದು ದೇವರನ್ನು ಕೇಳುತ್ತಾನೆ. ಹೀಬ್ರೂವಿನಲ್ಲೂ ಕನ್ನಡದಲ್ಲೂ ತೋಟ ಕಾಯುವ ಪದವೇ ಅದು. ಕೊಲೆಯಾದ ತಮ್ಮನ ರಕ್ತ ಕೂಗುವುದು ಆದಾಮಾದಿಂದ, ಮಣ್ಣಿನಿಂದ. ತೋಟ ಕಾಯುವುದನ್ನೂ ತಮ್ಮನನ್ನು ಕಾಯುವುದನ್ನೂ ಈ ಗ್ರಂಥ ಆರಂಭದಲ್ಲೇ ಒಂದೇ ಪದಕ್ಕೆ ಕಟ್ಟಿದೆ.

ವೈಟ್‌ಗೆ ಬಂದ ಉತ್ತರಗಳಲ್ಲಿ ನನಗೆ ಮುಖ್ಯವೆನಿಸುವುದು ಎರಡು. ಒಂದು, ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’. ಕ್ರೈಸ್ತರು ಈ ವಚನಗಳನ್ನು ತಪ್ಪಾಗಿ ಓದಿದ್ದುಂಟು ಎಂದು ಅದು ಒಪ್ಪುತ್ತದೆ, ದೊರೆತನದ ವಚನವನ್ನು ತೋಟ ಕಾಯುವ ವಚನದ ಬೆಳಕಿನಲ್ಲಿ ಓದಬೇಕೆನ್ನುತ್ತದೆ. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದೂ ಹೇಳುತ್ತದೆ. ಬ್ರೆಜಿಲ್‌ನ ಲಿಯೊನಾರ್ಡೊ ಬೊಫ್ 1990ರ ದಶಕದಲ್ಲೇ ಈ ಎರಡು ಕೂಗುಗಳನ್ನು ಜೋಡಿಸಿ ಬರೆದಿದ್ದರು. ಇನ್ನೊಂದು, ಆಸ್ಟ್ರೇಲಿಯದ ನಾರ್ಮನ್ ಹೇಬೆಲ್ ಮತ್ತು ಸಂಗಡಿಗರು 2000ದಿಂದ ಹೊರತಂದ ‘ಅರ್ಥ್ ಬೈಬಲ್’ ಸಂಪುಟಗಳು. ಇವರು ಹೆಚ್ಚು ನಿಷ್ಠುರರು. ಭೂಮಿಗೆ ತನ್ನದೇ ಮೌಲ್ಯ ಮತ್ತು ದನಿ ಇದೆ ಎಂದು ಹಿಡಿದು, ಮೊದಲು ಪಠ್ಯವನ್ನು ಸಂಶಯಿಸಿ, ಆಮೇಲೆ ಭೂಮಿಯ ಪಕ್ಷದಲ್ಲಿ ನಿಂತು ಓದುತ್ತಾರೆ. ಭೂಮಿಯನ್ನು ಗೌರವಿಸುವ ಪಠ್ಯ ಹಸಿರು, ಕಡೆಗಣಿಸುವ ಪಠ್ಯ ಬೂದು ಎಂದು ಹೇಬೆಲ್ ವಿಂಗಡಿಸುತ್ತಾರೆ. ಬೈಬಲ್ಲೆಲ್ಲ ಹಸಿರೇ ಎಂದು ಬಣ್ಣ ಬಳಿಯದೆ ಬೂದು ಇದೆ ಎಂದದ್ದು ದೊಡ್ಡ ಪ್ರಾಮಾಣಿಕತೆ. ಯೋಬನ ಪುಸ್ತಕದ ಕೊನೆಯಲ್ಲಿ ಮನುಷ್ಯರೇ ಇಲ್ಲದ ಮರುಭೂಮಿಗೂ ದೇವರು ಮಳೆ ಸುರಿಸುವ ಭಾಗವನ್ನು ಹೀಗೆ ಓದಿದಾಗ ಮನುಷ್ಯನ ಗಾತ್ರ ನಿಜಕ್ಕೂ ಕಿರಿದಾಗುತ್ತದೆ.

ಆದರೆ ಒಂದೇ ಪಠ್ಯ ಮರಕ್ಕೆ ಹಸಿರಾಗಿದ್ದು ಮನುಷ್ಯನಿಗೆ ಕೆಂಪಾಗಿದ್ದರೆ? ಧರ್ಮೋಪದೇಶಕಾಂಡದ 20ನೇ ಅಧ್ಯಾಯ ಅಂಥದ್ದು. ಊರಿಗೆ ಮುತ್ತಿಗೆ ಹಾಕಿದಾಗ ಹಣ್ಣಿನ ಮರಗಳನ್ನು ಕಡಿಯಬಾರದು, ಮರವೇನು ನಿನ್ನ ವೈರಿಯೇ ಎಂಬ ಅರ್ಥದ ಮಾತು ಅಲ್ಲಿದೆ. ಯಹೂದಿ ಪರಂಪರೆ ಇದರಿಂದ ವ್ಯರ್ಥವಾಗಿ ಯಾವುದನ್ನೂ ಹಾಳುಮಾಡಬಾರದೆಂಬ ಒಂದು ವಿಶಾಲ ನಿಯಮವನ್ನೇ ಬೆಳೆಸಿತು. ಪರಿಸರ ಭಾಷಣಗಳಲ್ಲಿ ಈ ವಚನಕ್ಕೆ ಬಹಳ ಬೇಡಿಕೆ. ಅದಕ್ಕೆ ಸ್ವಲ್ಪ ಮೇಲೆ ಕಣ್ಣು ಹಾಯಿಸಿದರೆ ಕಾನಾನಿನ ಊರುಗಳಲ್ಲಿ ಉಸಿರಾಡುವ ಯಾವುದನ್ನೂ ಉಳಿಸಬೇಡಿ ಎಂಬ ಆಜ್ಞೆಯಿದೆ. ನಡುವೆ ಅಧ್ಯಾಯ ಬದಲಾಗಿಲ್ಲ. ಅಂಜೂರದ ಮರ ಉಳಿಯುತ್ತದೆ, ನೆಟ್ಟವರು ಉಳಿಯುವುದಿಲ್ಲ. ಮುಂದೆ ಹಣ್ಣು ತಿನ್ನುವವರು ಗೆದ್ದವರು. ಹೇಬೆಲ್‌ರ ಎರಡು ಬಣ್ಣಗಳಲ್ಲಿ ಇದನ್ನು ಎಲ್ಲಿಡುವುದು? ಮರದ ವಚನವನ್ನು ಮಾತ್ರ ಕತ್ತರಿಸಿ ಪೋಸ್ಟರಿಗೆ ಹಾಕಿದರೆ ಆ ಕತ್ತರಿ ಇತಿಹಾಸದ ಮೇಲೂ ಆಡಿರುತ್ತದೆ.

ಇದಕ್ಕೆ ಎದುರಾಗಿ, ನೆಲವನ್ನೂ ಜನರನ್ನೂ ಕೂಡಿಸಿ ಹಿಡಿದಿಟ್ಟ ಪಠ್ಯ ಯಾಜಕಕಾಂಡದ 25ನೇ ಅಧ್ಯಾಯ. ಆರು ವರ್ಷ ಬಿತ್ತಿ, ಏಳನೇ ವರ್ಷ ಹೊಲವನ್ನು ಬೀಳು ಬಿಡಬೇಕು. ತಾನಾಗಿ ಬೆಳೆದದ್ದು ಯಜಮಾನನಿಗೆ, ದಾಸದಾಸಿಯರಿಗೆ, ಕೂಲಿಯವನಿಗೆ, ಪರಊರಿನವನಿಗೆ, ದನಗಳಿಗೆ, ಕಾಡುಪ್ರಾಣಿಗಳಿಗೆ ಎಂದು ಪಟ್ಟಿಯಿದೆ. ಏಳನೇ ವರ್ಷ ಏನು ತಿನ್ನುವುದು ಎಂದು ಜನ ಕೇಳುವ ಪ್ರಶ್ನೆಯನ್ನೂ ಪಠ್ಯ ಮುಚ್ಚಿಡುವುದಿಲ್ಲ. ಆರನೇ ವರ್ಷದ ಬೆಳೆ ಸಾಕಾಗುತ್ತದೆ ಎಂದು ದೇವರಿಂದ ಭರವಸೆ ಕೊಡಿಸುತ್ತದೆ. ಒಂದು ಸಾಲು ಬೆಳೆ ಹೋದರೆ ಸಾಲದ ಬಾಗಿಲಿಗೆ ಬೀಳುವ ಮನೆಯವರಿಗೆ ಆ ಪ್ರಶ್ನೆ ಎಷ್ಟು ನಿಜವೆಂದು ಗೊತ್ತು. ಐವತ್ತನೇ ವರ್ಷ ‘ಯೋಬೆಲ್’: ಸಾಲಕ್ಕೆ ಮಾರಿದ ಹೊಲ ಮೂಲ ಕುಟುಂಬಕ್ಕೆ ಹಿಂತಿರುಗಬೇಕು, ಸಾಲಕ್ಕೆ ದಾಸನಾದವನು ಮನೆಗೆ ಮರಳಬೇಕು. ಅವನನ್ನು ಕಠಿಣವಾಗಿ ಆಳಬಾರದು ಎನ್ನುವಾಗ ಬರುವ ಕ್ರಿಯಾಪದ ‘ರಾದಾ’. ಆದಿಕಾಂಡದಲ್ಲಿ ಮೀನು ಹಕ್ಕಿಗಳ ಮೇಲಿನ ದೊರೆತನಕ್ಕೆ ಬಳಸಿದ ಪದವೇ. ದೊರೆತನಕ್ಕೆ ಮಿತಿ ಎಲ್ಲಿದೆ ಎಂದು ಹುಡುಕುವವರು ಇಲ್ಲಿ ನೋಡಬೇಕು. ಈ ಅಧ್ಯಾಯದಲ್ಲೂ ಬೂದು ಇದೆ: ಈ ರಕ್ಷಣೆ ಸ್ವಜನರಾದ ದಾಸರಿಗೆ ಮಾತ್ರ, ಪರಜನರ ದಾಸರನ್ನು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬಹುದು.

ಇದೇ ಅಧ್ಯಾಯದ ನಡುವೆ, ಭೂಮಿ ನನ್ನದು, ನೀವು ನನ್ನ ಬಳಿ ಬಿಡಾರ ಹೂಡಿದ ಪರದೇಶಿಗಳು ಎಂಬರ್ಥದ ದೇವರ ಮಾತಿದೆ. ಪರಿಸರ ದೇವತಾಶಾಸ್ತ್ರಕ್ಕೆ ಇದು ಅಡಿಗಲ್ಲು. ನಾವಾರೂ ಮಾಲೀಕರಲ್ಲ, ಬಾಡಿಗೆದಾರರು ಎನ್ನುತ್ತಾರೆ. ಈ ಮಾತು ಕೇಳಿದಾಗ ನನ್ನ ಕಿವಿ ನೆಟ್ಟಗಾಗುತ್ತದೆ. ನನ್ನ ಅಜ್ಜ ದಕ್ಷಿಣ ಕನ್ನಡದಲ್ಲಿ ಚಾಲಗೇಣಿ ಒಕ್ಕಲು. ಮೂಲಗೇಣಿಯವರಿಗಿದ್ದ ಸ್ಥಿರತೆ ಚಾಲಗೇಣಿಯವರಿಗಿರಲಿಲ್ಲ. ಧಣಿ ಮನಸ್ಸು ಮಾಡಿದರೆ ಗದ್ದೆ ಬಿಡಬೇಕು. ನೆಲ ನಿನ್ನದಲ್ಲ ಎಂಬುದನ್ನು ಅವರಿಗೆ ಯಾರೂ ಧರ್ಮಗ್ರಂಥದಿಂದ ತಿಳಿಸಬೇಕಾಗಿರಲಿಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಏಳನೇ ನಮೂನೆಯ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಅವರು ಒಂದೆಕರೆ ಚಿಲ್ಲರೆ ಗದ್ದೆಗೆ ಒಡೆಯರಾದರು. ಆ ಗದ್ದೆಯ ಮಣ್ಣಿಗೆ ಅವರು ಗೊಬ್ಬರ ಹೊತ್ತದ್ದು, ತೋಡಿನ ಬದಿ ಕಟ್ಟಿದ್ದು ಎಲ್ಲ ಆಮೇಲೆಯೇ ಹೆಚ್ಚು ಎಂದು ಅಜ್ಜಿ ಹೇಳುತ್ತಿದ್ದಳು. ಮುಂದಿನ ವರ್ಷವೂ ಇಲ್ಲೇ ಇರುತ್ತೇನೆ ಎಂಬ ಧೈರ್ಯವಿದ್ದವನು ಮಣ್ಣಿಗೆ ಹಾಕುತ್ತಾನೆ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ ಬದುಕುವ ನಾವು ಬಾಲ್ಕನಿಯಲ್ಲಿ ಕುಂಡ ಇಡುತ್ತೇವೆ, ಅಂಗಳದಲ್ಲಿ ಮಾವು ನೆಡುವುದಿಲ್ಲ.

ಹಾಗಾದರೆ ಯಾಜಕಕಾಂಡ ಧಣಿಯ ಪರವೇ? ಅಲ್ಲ. ಆ ಮಾತು ಬರುವ ಜಾಗ ನೋಡಿ. ಹೊಲವನ್ನು ಶಾಶ್ವತವಾಗಿ ಮಾರುವಂತಿಲ್ಲ ಎಂಬ ನಿಯಮಕ್ಕೆ ಕಾರಣವಾಗಿ ಅದು ಬರುತ್ತದೆ. ಭೂಮಿ ದೇವರದು, ಆದ್ದರಿಂದ ಸಾಲಗಾರನ ಹೊಲ ಸಾಹುಕಾರನಲ್ಲಿ ಶಾಶ್ವತವಾಗಿ ಉಳಿಯಬಾರದು. ಒಡೆತನವನ್ನು ಮೊಟಕುಗೊಳಿಸುವುದು ಗುಡ್ಡೆಹಾಕುವವನ ವಿರುದ್ಧ. ಇದನ್ನು ಸಾಲದ ಕಾನೂನಿನಿಂದ ಬಿಡಿಸಿ ‘ಮಾನವಕುಲಕ್ಕೆ’ ಹೇಳಿದ ಸಾಮಾನ್ಯ ಉಪದೇಶವಾಗಿಸಿದರೆ, ನೂರು ಎಕರೆಯವನೂ ಒಂದೆಕರೆಯವನೂ ಸಮಾನ ಬಾಡಿಗೆದಾರರಾಗಿಬಿಡುತ್ತಾರೆ.

ಹೊಸ ಒಡಂಬಡಿಕೆಯಲ್ಲಿ ಈ ಅಪಾಯ ಕಣ್ಣಿಗೆ ಹೊಡೆಯುವಂತೆ ಕಾಣುವುದು ಮಾರ್ಕನ 12ನೇ ಅಧ್ಯಾಯದ ಸಾಮ್ಯದಲ್ಲಿ. ಒಬ್ಬ ದ್ರಾಕ್ಷಿ ತೋಟ ಮಾಡಿ, ಗೇಣಿಗೆ ಕೊಟ್ಟು ಪರದೇಶಕ್ಕೆ ಹೋಗುತ್ತಾನೆ. ಪಾಲು ಕೇಳಲು ಬಂದವರನ್ನು ಒಕ್ಕಲುಗಳು ಹೊಡೆಯುತ್ತಾರೆ, ಕೊನೆಗೆ ಮಗನನ್ನೂ ಕೊಲ್ಲುತ್ತಾರೆ. ಸಾಂಪ್ರದಾಯಿಕ ಓದಿನಲ್ಲಿ ಧಣಿ ದೇವರು, ಒಕ್ಕಲುಗಳು ದ್ರೋಹಿಗಳು. ಗೇಣಿ ಮನೆತನದ ಓದುಗನಿಗೆ ಇಲ್ಲಿ ಒಂದು ತೊಡಕು ಉಳಿದೇ ಉಳಿಯುತ್ತದೆ. ವಿಲಿಯಂ ಹರ್ಜೋಗ್ 1994ರ ತಮ್ಮ ಪುಸ್ತಕದಲ್ಲಿ ಇದನ್ನು ನೆಲ ಕಳಕೊಂಡ ರೈತರ ಹತಾಶ ಹಿಂಸೆಯ ಕಥೆಯಾಗಿ ಓದಿದರು. ನನಗೆ ಆ ಓದಿಗೆ ಬಲ ಸಿಗುವುದು ಸಾಮ್ಯದ ಮೂಲದಿಂದಲೇ. ಬೇಲಿ, ದ್ರಾಕ್ಷಿ ಆಲೆ, ಗೋಪುರಗಳ ಈ ಚಿತ್ರ ಯೆಶಾಯನ 5ನೇ ಅಧ್ಯಾಯದ ದ್ರಾಕ್ಷಿ ತೋಟದ ಹಾಡಿನಿಂದ ಬಂದದ್ದು. ಆ ಹಾಡು ಮುಗಿದೊಡನೆ ಯೆಶಾಯ ಶಪಿಸುವುದು ಹೊಲಕ್ಕೆ ಹೊಲ ಸೇರಿಸಿ ಬೇರೆಯವರಿಗೆ ಜಾಗವಿಲ್ಲದಂತೆ ಮಾಡುವವರನ್ನು.

ಈಗ ನನ್ನ ತಕರಾರಿನ ಮುಖ್ಯ ಜಾಗಕ್ಕೆ ಬರುತ್ತೇನೆ. ಯಾಜಕಕಾಂಡದ 26ನೇ ಅಧ್ಯಾಯ ಎಚ್ಚರಿಸುತ್ತದೆ: ನೀವು ನೆಲಕ್ಕೆ ವಿಶ್ರಾಂತಿ ಕೊಡದಿದ್ದರೆ, ನೀವು ವೈರಿಗಳ ದೇಶದಲ್ಲಿರುವಾಗ ನೆಲ ತನ್ನ ಪಾಲಿನ ವಿಶ್ರಾಂತಿಯನ್ನು ತಾನೇ ಪಡೆದುಕೊಳ್ಳುತ್ತದೆ. ಪೂರ್ವಕಾಲವೃತ್ತಾಂತದ ದ್ವಿತೀಯ ಭಾಗ ತನ್ನ ಕೊನೆಯ ಅಧ್ಯಾಯದಲ್ಲಿ ಅದು ನಡೆಯಿತು ಎನ್ನುತ್ತದೆ. ಬಾಬೆಲಿನವರು ಯೆರೂಸಲೇಮನ್ನು ಸುಟ್ಟು ಜನರನ್ನು ಸೆರೆ ಒಯ್ದರು, 70 ವರ್ಷ ನೆಲ ಪಾಳುಬಿದ್ದು ವಿಶ್ರಮಿಸಿತು. ನೆಲಕ್ಕೂ ನೆನಪಿದೆ, ಅದು ಬಾಕಿ ವಸೂಲು ಮಾಡುತ್ತದೆ ಎಂಬ ಈ ಕಲ್ಪನೆ ಅದ್ಭುತವಾದದ್ದು. ಹವಾಮಾನ ಬದಲಾವಣೆಯ ಕಾಲದಲ್ಲಿ ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಹಸಿರು ಓದುಗರು ಇದನ್ನು ಮೆಚ್ಚುವುದು ಸಹಜ.

ಆದರೆ ನೆಲ ನಿಜಕ್ಕೂ ಖಾಲಿಯಾಗಿತ್ತೇ? ಅರಸುಗಳ ದ್ವಿತೀಯ ಭಾಗದ ಕೊನೆಯ ಅಧ್ಯಾಯ ಒಂದು ಸಣ್ಣ ವಿವರ ಕೊಡುತ್ತದೆ: ಬಾಬೆಲಿನ ದಳಪತಿ ನಾಡಿನ ಕಡುಬಡವರಲ್ಲಿ ಕೆಲವರನ್ನು ದ್ರಾಕ್ಷಿ ತೋಟ ನೋಡಿಕೊಳ್ಳಲು, ಉಳಲು ಅಲ್ಲೇ ಬಿಟ್ಟುಹೋದ. ಯೆರೆಮೀಯನ 39ನೇ ಅಧ್ಯಾಯ ಇನ್ನೂ ಸ್ಪಷ್ಟ: ಏನೂ ಇಲ್ಲದ ಬಡವರಿಗೆ ಅವನು ಹೊಲ ತೋಟಗಳನ್ನು ಕೊಟ್ಟ. ಮುಂದಿನ ಅಧ್ಯಾಯದಲ್ಲಿ ಆ ವರ್ಷ ದ್ರಾಕ್ಷಾರಸ ಮತ್ತು ಹಣ್ಣಿನ ಸುಗ್ಗಿ ಬಹಳವಾಗಿತ್ತು ಎಂದೂ ಇದೆ. ಅಂದರೆ ನೆಲ ಪಾಳು ಬಿದ್ದಿರಲಿಲ್ಲ. ಉಳುವವರು ಉಳುತ್ತಿದ್ದರು, ಬಹುಶಃ ಮೊದಲ ಬಾರಿಗೆ ತಮಗಾಗಿ. ಸೆರೆಹೋದವರು ಅರಮನೆಯವರು, ಪುರೋಹಿತರು, ಕಮ್ಮಾರರು, ಸೈನಿಕರು, ಪಟ್ಟಣದ ಜನ. ಅವರ ಮಕ್ಕಳು ಮೊಮ್ಮಕ್ಕಳು ಮರಳಿ ಬಂದು ಬರೆದ ಇತಿಹಾಸದಲ್ಲಿ, ತಾವಿಲ್ಲದ ನಾಡು ಖಾಲಿ. 70 ಎಂಬ ಸಂಖ್ಯೆಯೂ ಲೆಕ್ಕಕ್ಕಿಂತ ಸಂಕೇತವೇ. ಪಟ್ಟಣ ಸುಟ್ಟದ್ದು ಕ್ರಿ.ಪೂ. 586ರ ಸುಮಾರಿಗೆ, ಮರಳಲು ಅನುಮತಿ ಸಿಕ್ಕಿದ್ದು 538ರಲ್ಲಿ. ಐವತ್ತು ವರ್ಷವೂ ತುಂಬಲಿಲ್ಲ.

ನೆಲದ ವಿಶ್ರಾಂತಿಯ ಈ ಸುಂದರ ಪಠ್ಯದ ಅಡಿಯಲ್ಲಿ ಕಡುಬಡ ಒಕ್ಕಲುಗಳ ಒಂದು ತಲೆಮಾರನ್ನು ಅಳಿಸಿದ ಗುರುತಿದೆ. ಹಸಿರು ಓದು ‘ಭೂಮಿಯ ದನಿ’ ಕೇಳುತ್ತೇನೆ ಎಂದು ಇಲ್ಲಿ ಕಿವಿಯಿಟ್ಟರೆ ಅದಕ್ಕೆ ಕೇಳುವುದು ಮರಳಿ ಬಂದ ಮೇಲ್ವರ್ಗದ ದನಿ. ಇದು ಹಳೆಯ ಕಥೆಯಾಗಿ ಉಳಿದಿಲ್ಲ. ಮನುಷ್ಯರಿಲ್ಲದಿದ್ದರೆ ಮಾತ್ರ ಕಾಡು ಕಾಡಾಗಿರುತ್ತದೆ ಎಂಬ ಕಲ್ಪನೆಯಿಂದಲೇ ನಾಗರಹೊಳೆಯ ಜೇನುಕುರುಬರು ಹಾಡಿ ಬಿಡಬೇಕಾಯಿತು. ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನ ಗುಡಿಸಲುಗಳ ತೆರವಿಗೆ 1997ರಲ್ಲಿ ಹೈಕೋರ್ಟ್ ಆದೇಶ ಬಂದದ್ದು ಪರಿಸರದ ಹೆಸರಿನ ಅರ್ಜಿಯಿಂದ. 2004ರಲ್ಲಿ ದೆಹಲಿಯ ಯಮುನಾ ಪುಷ್ತಾದ ಮನೆಗಳು ಉರುಳಿದಾಗಲೂ ನದಿಯ ಶುದ್ಧಿಯ ಮಾತಿತ್ತು. ಸಮಾಜಶಾಸ್ತ್ರಜ್ಞೆ ಅಮಿತಾ ಬಾವಿಸ್ಕರ್ ಇಂಥದ್ದನ್ನು ಬೂರ್ಜ್ವಾ ಪರಿಸರವಾದ ಎಂದು ಕರೆದರು. ಉದ್ಯಾನದ ಗಾಳಿ ಬೇಕಾದದ್ದು ನಮ್ಮಂಥವರಿಗೂ. ನಮ್ಮ ಫ್ಲ್ಯಾಟುಗಳ ಜಾಹೀರಾತಿನಲ್ಲಿ ಅದಕ್ಕೆ ಬೆಲೆಯಿದೆ.

ಕಾಡಾಗಲಿ ನದಿಯಾಗಲಿ ಬೇಡ ಎಂದು ಇದರ ಅರ್ಥವಲ್ಲ. ಬೀಳು ಬಿಡುವುದು ಮಣ್ಣಿಗೆ ಬೇಕು, ಚಿರತೆಗೆ ಕಾಡು ಬೇಕು. ಬೀಳು ಬಿಟ್ಟ ವರ್ಷ ಕೂಲಿಯವನು ಏನು ತಿನ್ನುತ್ತಾನೆ ಎಂದು ಯಾಜಕಕಾಂಡ ಅದೇ ಉಸಿರಿನಲ್ಲಿ ಲೆಕ್ಕ ಹಾಕಿತ್ತು. ಪೂರ್ವಕಾಲವೃತ್ತಾಂತ ಹಾಕಲಿಲ್ಲ. ಹಸಿರು, ಬೂದು ಎಂಬ ವಿಂಗಡಣೆಗಿಂತ ಈ ವ್ಯತ್ಯಾಸ ನನಗೆ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ.

ಬೈಬಲ್ಲಿನ ಪರಿಸರ ಓದುಗರು ಅಷ್ಟಾಗಿ ಹತ್ತಿರ ಸುಳಿಯದ ಒಂದು ಕಥೆಯನ್ನು ಈ ದೃಷ್ಟಿಯಿಂದ ಮತ್ತೆ ಓದಬಹುದು. ಅರಸುಗಳ ಪ್ರಥಮ ಭಾಗದ 21ನೇ ಅಧ್ಯಾಯದಲ್ಲಿ ರಾಜ ಅಹಾಬನ ಅರಮನೆಯ ಪಕ್ಕ ನಾಬೋತ ಎಂಬವನ ದ್ರಾಕ್ಷಿ ತೋಟವಿದೆ. ರಾಜನಿಗೆ ಅದು ಬೇಕು. ಕೋಟೆ ಕಟ್ಟಲೂ ಅಲ್ಲ, ಗಣಿ ತೋಡಲೂ ಅಲ್ಲ. ಕಾಯಿಪಲ್ಯದ ತೋಟ ಮಾಡಲು. ಬೆಲೆ ಕೊಡುತ್ತೇನೆ, ಬೇಕಾದರೆ ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ ಎನ್ನುತ್ತಾನೆ. ಪಿತೃಗಳಿಂದ ಬಂದ ನೆಲ ಕೊಡಲಾರೆ ಎಂದು ನಾಬೋತ ನಿರಾಕರಿಸುತ್ತಾನೆ. ರಾಣಿ ಈಜೆಬೆಲಳು ಕಾಗದ ಬರೆದು, ರಾಜನ ಮುದ್ರೆ ಒತ್ತಿ, ಊರಿನ ಹಿರಿಯರ ಸಭೆ ಕರೆಸಿ, ಸಾಕ್ಷಿಗಳನ್ನು ನಿಲ್ಲಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸುತ್ತಾಳೆ. ಎಲ್ಲವೂ ಕ್ರಮಬದ್ಧ. ಆಮೇಲೆ ಪ್ರವಾದಿ ಎಲೀಯ ಆ ತೋಟಕ್ಕೇ ಬಂದು ರಾಜನನ್ನು ಕೇಳುವ ಪ್ರಶ್ನೆಯಲ್ಲಿ ಕೊಲೆಯೂ ಸ್ವಾಧೀನವೂ ಒಟ್ಟಿಗೆ ಬರುತ್ತವೆ.

ನೆಲದ ಬಳಕೆಯನ್ನಷ್ಟೇ ನೋಡಿದರೆ ಈ ಕಥೆಯಲ್ಲಿ ಪರಿಸರನಾಶವೇ ಇಲ್ಲ. ದ್ರಾಕ್ಷಿಯ ಜಾಗದಲ್ಲಿ ಸೊಪ್ಪು ಬೆಳೆಯುತ್ತದೆ, ಹಸಿರಿನ ಜಾಗದಲ್ಲಿ ಹಸಿರು. ನೆಲದ ಪರವಾಗಿ ಓದುತ್ತೇವೆ ಎನ್ನುವವರು ಈ ತೋಟದಲ್ಲಿ ಎಲೀಯನ ಪಕ್ಕ ನಿಂತು, ಇಲ್ಲಿ ಮೊದಲು ಯಾರಿದ್ದರು ಎಂದು ಕೇಳಬೇಕು. ಕಾಯಿಪಲ್ಯ ಚೆನ್ನಾಗಿ ಬಂದಿದೆಯೇ ಎಂಬುದನ್ನು ಆಮೇಲೆ ನೋಡಬಹುದು.